ಹಳೆಯ ಮೌಂಟನ್ ಬೈಕಿನ ಗೇರು: ಇದ್ದದ್ದನ್ನೇ ಉಳಿಸಿಕೊಳ್ಳುವುದೋ, ಪೂರ್ತಿ ಬದಲಿಸುವುದೋ?

ಕುವೆಂಪುನಗರದ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 26 ಇಂಚಿನ ಚಕ್ರದ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಳೆಯ ಮೌಂಟನ್ ಬೈಕು. ಕೊಂಡು ಹತ್ತು ವರ್ಷಕ್ಕೆ ಮೇಲಾಗಿದೆ. ಮುಂದೆ 42, 32 ಮತ್ತು 22 ಹಲ್ಲಿನ ಮೂರು ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ), ಹಿಂದೆ 11ರಿಂದ 32 ಹಲ್ಲಿನವರೆಗೆ ಎಂಟು ಗೇರು. ಗೇರು ಬದಲಿಸುವ ಶಿಫ್ಟರ್ ಮತ್ತು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ಎರಡೂ ಶಿಮಾನೋ ಕಂಪನಿಯ ಆಲ್ಟಸ್. ಫ್ರೇಮಿನಲ್ಲಿ ಎಲ್ಲೂ ಬಿರುಕಿಲ್ಲ, ಫೋರ್ಕ್ ಕೂಡ ಚೆನ್ನಾಗಿದೆ. ಆದ್ದರಿಂದ ಮಾರುವ ಯೋಚನೆ ಇಲ್ಲ.

ವಾರದ ದಿನಗಳಲ್ಲಿ ರಿಂಗ್ ರಸ್ತೆಯ ಆಸುಪಾಸು, ಭಾನುವಾರ ಚಾಮುಂಡಿ ಬೆಟ್ಟ, ಬಿಡುವಾದಾಗ ವರುಣಾ ನಾಲೆಯ ಬದಿಯ ಮಣ್ಣುದಾರಿ, ಇಷ್ಟು ನನ್ನ ಓಡಾಟ. ಇತ್ತೀಚೆಗೆ ಚೈನ್ ತುಂಬಾ ಹಳತಾಯಿತೆಂದು ಹೊಸದನ್ನು ಹಾಕಿಸಿದೆ. ಅಲ್ಲಿಂದಾಚೆಗೆ, ಬೆಟ್ಟದಲ್ಲಿ ಎದ್ದು ನಿಂತು ತುಳಿದರೆ ಮಧ್ಯದ ಎರಡು ಮೂರು ಗೇರುಗಳಲ್ಲಿ ಚೈನ್ ಕಟಕ್ ಎಂದು ಹಾರುತ್ತದೆ. ಸಮತಟ್ಟು ರಸ್ತೆಯಲ್ಲಿ ಹಗುರವಾಗಿ ತುಳಿದರೆ ಏನೂ ಆಗುವುದಿಲ್ಲ. ಒಂದು ಅಂಗಡಿಯಲ್ಲಿ ಗೇರ್ ಟ್ಯೂನ್ ಮಾಡಿಕೊಟ್ಟರು, ಪ್ರಯೋಜನವಾಗಲಿಲ್ಲ. ಇನ್ನೊಂದು ಅಂಗಡಿಯಲ್ಲಿ, ಹಳೆಯದಕ್ಕೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ, ಮುಂದೆ ಒಂದೇ ಚೈನ್‌ರಿಂಗ್ ಇರುವ ಹನ್ನೆರಡು ಗೇರಿನ ಶಿಮಾನೋ ಡಿಯೋರ್ ಸೆಟ್ ಹಾಕಿಸಿಬಿಡಿ ಎಂದರು. ಈ ಬೈಕಿಗೆ ಅದು ತಕ್ಕುದೇ? ಅಲ್ಲವಾದರೆ ಯಾವ ಭಾಗವನ್ನು ಬದಲಿಸಬೇಕು, ಯಾವುದನ್ನು ಉಳಿಸಿಕೊಳ್ಳಬಹುದು ಎಂದು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಹಬ್ಬು ಬೇರಿಂಗು

ನೀವು ಬರೆದಿರುವುದರಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಹಳೆಯ ಚೈನ್ ಇದ್ದಾಗ ಹಾರದೆ, ಹೊಸದು ಬಂದ ಮೇಲೆ ಹಾರತೊಡಗಿದೆ. ಅದೂ ಹೆಚ್ಚು ಬಳಕೆಯಾಗುವ ಮಧ್ಯದ ಗೇರುಗಳಲ್ಲಿ, ಅದೂ ಒತ್ತಿ ತುಳಿದಾಗ ಮಾತ್ರ. ಹಾಗಿದ್ದರೆ ದೋಷ ಡಿರೇಲರಿನದ್ದಲ್ಲ, ಹಿಂದಿನ ಹಲ್ಲುಗಳು ಸವೆದಿವೆ.

ಚೈನ್ ಎಳೆದುಕೊಂಡಿದೆ ಎಂದು ನಾವು ಹೇಳುತ್ತೇವಾದರೂ ಅದರ ತಗಡೇನೂ ಹಿಗ್ಗಿರುವುದಿಲ್ಲ. ಪಿನ್ನುಗಳು ಕೂರುವ ಜಾಗ ಉಜ್ಜಿ ಉಜ್ಜಿ ಸಡಿಲವಾಗಿ, ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು ಇರಬೇಕಾದ ಅಂತರ ಕೂದಲೆಳೆಯಷ್ಟು ಬೆಳೆದಿರುತ್ತದೆ. ಹಾಗೆ ಬೆಳೆದ ಚೈನ್ ಕ್ಯಾಸೆಟ್ಟಿನ (ಹಿಂದಿನ ಹಲ್ಲುಚಕ್ರಗಳ ಗೊಂಚಲಿನ) ಹಲ್ಲುಗಳನ್ನೂ ತನ್ನ ಅಳತೆಗೆ ತೇಯುತ್ತಾ ಹೋಗುತ್ತದೆ. ಎರಡೂ ಜೊತೆಯಲ್ಲೇ ಹಳತಾದುದರಿಂದ ಅಲ್ಲಿಯವರೆಗೆ ತಕರಾರಿಲ್ಲದೆ ಓಡುತ್ತವೆ. ಸರಿಯಾದ ಅಳತೆಯ ಹೊಸ ಚೈನ್ ಬಂದು ಕೂತಾಗ ಹಲ್ಲಿನ ತಳಕ್ಕೆ ಇಳಿಯಲಾಗದೆ, ಭಾರವೆಲ್ಲ ಒಂದೆರಡು ಹಲ್ಲಿನ ಮೇಲೆ ಬಿದ್ದು, ಮೇಲೇರಿ ಹಾರುತ್ತದೆ. ಇದನ್ನು ಯಾವ ಟ್ಯೂನಿಂಗೂ ಸರಿಪಡಿಸಲಾರದು. ಮುಂದಿನ ಸಲಕ್ಕೆ ಹೇಳುವುದಾದರೆ, ಒಂದು ಸ್ಟೀಲ್ ಸ್ಕೇಲ್ ಸಾಕು. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ಅಂಚಿಗೆ ಸೊನ್ನೆಯನ್ನು ಹೊಂದಿಸಿದರೆ, ಹೊಸ ಚೈನಿನಲ್ಲಿ ಆ ಪಿನ್ನನ್ನು ಬಿಟ್ಟು ಮುಂದಕ್ಕೆ ಎಣಿಸಿದ 24ನೆಯ ಪಿನ್ನಿನ ಅದೇ ಅಂಚು ಸರಿಯಾಗಿ 12 ಇಂಚಿನ ಗೆರೆಯ ಮೇಲೆ ನಿಲ್ಲುತ್ತದೆ. ಅದು ಒಂದು ಇಂಚಿನ ಹದಿನಾರನೇ ಒಂದು ಭಾಗ ದಾಟಿದರೆ ಚೈನ್ ಬದಲಿಸುವ ಕಾಲ ಬಂದಿದೆ ಎಂದರ್ಥ. ಎಂಟನೇ ಒಂದು ಭಾಗ ದಾಟಿದ್ದರೆ ಕ್ಯಾಸೆಟ್ಟೂ ಹೋಗಿದೆ ಎಂದೇ ಲೆಕ್ಕ.

ಇನ್ನು ಭಾಗಗಳ ಆಯ್ಕೆ. ದುಡ್ಡು ಬಿಚ್ಚುವ ಮೊದಲು ಹಿಂದಿನ ಹಬ್ (ಚಕ್ರದ ನಡುಭಾಗ) ಯಾವ ಬಗೆಯದೆಂದು ನೋಡಿಕೊಳ್ಳಿ, ಏಕೆಂದರೆ ಉಳಿದ ಎಲ್ಲ ತೀರ್ಮಾನವೂ ಅದನ್ನೇ ಹಿಡಿದು ಬರುತ್ತದೆ. ಎಂಟು ಗೇರು ಇದೆ ಎಂದ ಮಾತ್ರಕ್ಕೆ ಅದು ಕ್ಯಾಸೆಟ್ಟೇ ಎಂದು ನಂಬಬೇಡಿ. ಹಬ್ಬಿನ ತಿರುಪಿನ ಮರೆಯ (ಥ್ರೆಡ್) ಮೇಲೆ ಇಡಿಯಾಗಿ ತಿರುಗಿಸಿ ಕೂರಿಸುವ ಎಂಟು ಗೇರಿನ ಫ್ರೀವೀಲುಗಳೂ ಇವೆ. ಹಿಂದಿನ ಚಕ್ರವನ್ನು ಕಳಚಿ, ಅತಿ ಚಿಕ್ಕ ಹಲ್ಲುಚಕ್ರದ ಹೊರಮಗ್ಗುಲಲ್ಲಿ ಟೂಲ್ ಕೂರಿಸಲು ಇರುವ ಕಚ್ಚುಗಳನ್ನು ನೋಡುತ್ತಾ ಹಲ್ಲುಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸಿ. ಕಚ್ಚುಗಳೂ ಜೊತೆಗೆ ತಿರುಗಿದರೆ ಕ್ಯಾಸೆಟ್, ಅವು ನಿಂತಲ್ಲೇ ನಿಂತು ಹಲ್ಲುಚಕ್ರ ಮಾತ್ರ ತಿರುಗಿದರೆ ಫ್ರೀವೀಲ್. ಕ್ಯಾಸೆಟ್ಟನ್ನು ಬಿಗಿದಿಡುವ ಲಾಕ್‌ರಿಂಗಿನ ಮೇಲೆ ಸಾಮಾನ್ಯವಾಗಿ ‘ಲಾಕ್’ ಎಂಬ ಅಕ್ಷರವೂ ಬಾಣದ ಗುರುತೂ ಇರುತ್ತವೆ. ಜಿಡ್ಡು ಒರೆಸಿದರೆ ಕಾಣುತ್ತದೆ.

ಫ್ರೀವೀಲ್ ಆಗಿದ್ದರೆ ಅದನ್ನಷ್ಟೇ ಬದಲಿಸಿ ಮುಗಿಸಿ, ಹೆಚ್ಚು ಖರ್ಚು ಮಾಡಬೇಡಿ. ಆ ಬಗೆಯ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಫ್ರೇಮಿನಿಂದ ಬಹಳ ಒಳಗೆ ಕೂತಿರುವುದರಿಂದ, ಗುಂಡಿ ದಿಣ್ಣೆಗಳ ದಾರಿಯಲ್ಲಿ ಆಕ್ಸಲ್ ಬಾಗುವುದು, ಕೆಲವೊಮ್ಮೆ ಮುರಿಯುವುದೂ ಉಂಟು; ಅಂಥ ಹಬ್ಬಿನ ಮೇಲೆ ದುಬಾರಿ ಡಿರೇಲರ್ ಕಟ್ಟಿ ಫಲವಿಲ್ಲ. ಕ್ಯಾಸೆಟ್ ಆಗಿದ್ದರೆ ದಾರಿ ಸುಲಭ. ಶಿಮಾನೋದ ಎಂಟು, ಒಂಬತ್ತು ಮತ್ತು ಹತ್ತು ಗೇರಿನ ಮೌಂಟನ್ ಬೈಕ್ ಕ್ಯಾಸೆಟ್ಟುಗಳೆಲ್ಲ ಒಂದೇ ಬಗೆಯ ಫ್ರೀಹಬ್ಬಿನ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಮೇಲೆ ಕೂರುತ್ತವೆ.

ಆದರೆ ಅಂಗಡಿಯವರು ಹೇಳಿದ ಹನ್ನೆರಡು ಗೇರಿನ ಡಿಯೋರ್ ಕ್ಯಾಸೆಟ್ ಅದರ ಮೇಲೆ ಕೂರುವುದಿಲ್ಲ. 10ರಿಂದ 51 ಹಲ್ಲಿನ ಆ ಕ್ಯಾಸೆಟ್ಟಿಗೆ ಮೈಕ್ರೋ ಸ್ಪ್ಲೈನ್ ಎಂಬ ಬೇರೆಯೇ ಮೈಯಿರುವ ಫ್ರೀಹಬ್ ಬೇಕು. ಎಂದರೆ ಹೊಸ ಹಬ್, ಹೊಸದಾಗಿ ಸ್ಪೋಕ್ ಕಟ್ಟಿಸಿದ ಚಕ್ರ, ಹೊಸ ಶಿಫ್ಟರ್, ಡಿರೇಲರ್, ಚೈನ್ ಮತ್ತು ಬಹುಮಟ್ಟಿಗೆ ಹೊಸ ಕ್ರ್ಯಾಂಕ್ (ಚೈನ್‌ರಿಂಗ್ ಕೂತಿರುವ ಪೆಡಲಿನ ತೋಳು). 26 ಇಂಚಿನ ಚಕ್ರಕ್ಕೆ ಇಷ್ಟೆಲ್ಲ ಮಾಡಿಸುವ ಬದಲು ಆ ಹಣಕ್ಕೆ ಇನ್ನಷ್ಟು ಸೇರಿಸಿ ಬೇರೆ ಬೈಕನ್ನೇ ನೋಡಬಹುದು.

ನನ್ನ ಸಲಹೆ: ಮುಂದೆ ಮೂರು, ಹಿಂದೆ ಎಂಟರ 3×8 ಅನ್ನೇ ಉಳಿಸಿಕೊಳ್ಳಿ, ಹಿಂದೆ 11–34ರ ಎಂಟು ಗೇರಿನ ಕ್ಯಾಸೆಟ್ ಹಾಕಿಸಿ.

ಮಂಡ್ಯ ನಾಲೆ ಏರಿ

ಮೇಲಿನವರು ರೋಗ ಹಿಡಿದಿರುವುದು ಸರಿಯಾಗಿಯೇ ಇದೆ. ಹನ್ನೆರಡು ಗೇರು ಬೇಡವೆಂಬುದಕ್ಕೂ ನನ್ನ ಒಪ್ಪಿಗೆ ಇದೆ. ಆದರೆ ಮೂರು ಚೈನ್‌ರಿಂಗನ್ನು ಉಳಿಸಿಕೊಳ್ಳುವ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನಮ್ಮ ಕಡೆ ಮಳೆ ಬಿದ್ದ ಮೇಲೆ ಕಬ್ಬಿನ ಗದ್ದೆಗಳ ನಡುವಿನ ಟ್ರಾಕ್ಟರ್ ಜಾಡಿನಲ್ಲಿ ಹೋದರೆ, ಮೊದಲು ಕೈಕೊಡುವುದು ಮುಂದಿನ ಡಿರೇಲರ್. ಟೈರಿನಿಂದ ಎದ್ದ ಜೇಡಿ ಅದರ ಪಂಜರಕ್ಕೂ ಫ್ರೇಮಿಗೂ ನಡುವೆ ಮೆತ್ತಿಕೊಂಡು, ಒಣಗಿದ ಮೇಲೆ ಕಡ್ಡಿಯಿಂದ ಕೆತ್ತಿ ತೆಗೆಯಬೇಕಾಗುತ್ತದೆ. ಅಂಥದ್ದರಲ್ಲಿ 22ಕ್ಕೆ ಇಳಿಸಹೋದರೆ ಚೈನ್ ಒಳಗಡೆ ಬಿದ್ದು ಫ್ರೇಮಿಗೆ ಸಿಕ್ಕಿಕೊಳ್ಳುತ್ತದೆ.

ಎಂಟೇ ಗೇರು ಇಟ್ಟುಕೊಂಡು ಮುಂದೆ ಒಂದೇ ಚೈನ್‌ರಿಂಗ್ ಮಾಡಿಕೊಳ್ಳಲು ಮೈಕ್ರೋಶಿಫ್ಟ್ ಅಕೋಲೈಟ್ ಎಂಬ ಸೆಟ್ ಇದೆ. ಹಿಂದೆ 12–42ರ ಕ್ಯಾಸೆಟ್, ಅದು ನಿಮ್ಮಲ್ಲಿರುವಂಥ ಶಿಮಾನೋ ಫ್ರೀಹಬ್ಬಿನ ಮೇಲೆಯೇ ಕೂರುತ್ತದೆ. ಡಿರೇಲರಿನಲ್ಲಿ ಅದರ ಪಂಜರವನ್ನು ಬಿಗಿಹಿಡಿಯುವ ಕ್ಲಚ್ ಇರುವುದರಿಂದ ಕಲ್ಲುದಾರಿಯಲ್ಲಿ ಚೈನ್ ಕುಣಿಯುವುದಿಲ್ಲ. ಶಿಫ್ಟರನ್ನೂ ಡಿರೇಲರನ್ನೂ ಜೊತೆಯಾಗಿಯೇ ಕೊಳ್ಳಬೇಕು. ಕೇಬಲ್ ಎಳೆಯುವ ಪ್ರಮಾಣ ಬೇರೆಯಾದ್ದರಿಂದ ನಿಮ್ಮ ಆಲ್ಟಸ್ ಶಿಫ್ಟರ್ ಅದಕ್ಕೆ ಆಗುವುದಿಲ್ಲ.

ಇದರಲ್ಲಿ ಕಳೆದುಕೊಳ್ಳುವುದೂ ಉಂಟು. ಮುಂದೆ 32, ಹಿಂದೆ 12 ಇಟ್ಟುಕೊಂಡು ನಿಮಿಷಕ್ಕೆ 80 ಸುತ್ತು ತುಳಿದರೆ, 26 ಇಂಚಿನ ಚಕ್ರದಲ್ಲಿ ಗಂಟೆಗೆ ಸುಮಾರು 26 ಕಿಲೋಮೀಟರ್ ವೇಗ ಸಿಗುತ್ತದೆ. ಈಗಿನ 42–11ರಲ್ಲಿ ಅದೇ ತುಳಿತಕ್ಕೆ ಸುಮಾರು 38. ಬೆಟ್ಟದಿಂದ ಇಳಿಯುವಾಗ ಹೇಗೂ ಯಾರೂ ತುಳಿಯುವುದಿಲ್ಲವಾದ್ದರಿಂದ ನನಗೆ ಅದು ಕೊರತೆ ಎನಿಸಿಲ್ಲ.

ಸರಸ್ವತಿಪುರಂ ಇಳಿಜಾರು

ಮಂಡ್ಯದವರು ಮೇಲಿನ ವೇಗದ ಲೆಕ್ಕ ಕೊಟ್ಟರು, ಕೆಳಗಿನದನ್ನು ಕೊಡಲಿಲ್ಲ. ಪ್ರಶ್ನೆ ಕೇಳಿದವರು ಪ್ರತಿ ಭಾನುವಾರ ಹತ್ತುವುದು ಚಾಮುಂಡಿ ಬೆಟ್ಟವನ್ನು. ನಗರದಿಂದ ಮೇಲಕ್ಕೆ ಸುಮಾರು 300 ಮೀಟರ್ ಏರಬೇಕು. ಅವರಿಗೆ ಬೇಕಾದದ್ದು ಹಗುರವಾದ ಗೇರು. ಈಗಿನ 22–32ರಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ 0.69 ಸುತ್ತು ತಿರುಗುತ್ತದೆ. 11–34ರ ಕ್ಯಾಸೆಟ್ ಹಾಕಿದರೆ ಅದು 0.65ಕ್ಕೆ ಇಳಿಯುತ್ತದೆ. 32–42ರಲ್ಲಾದರೆ 0.76, ಅಂದರೆ ಈಗ ಇರುವುದಕ್ಕಿಂತ ಭಾರ. ಮುಂದೆ 30 ಹಾಕಿದರೂ 0.71. ಒಂದೇ ಚೈನ್‌ರಿಂಗ್ ಕೆಸರಿಗೆ ಒಳ್ಳೆಯದು, ಒಪ್ಪೋಣ. ಇವರ ಓಡಾಟದಲ್ಲಿ ಕೆಸರಿಗಿಂತ ಏರೇ ಹೆಚ್ಚು.

ಹಿಂದಿನ ಡಿರೇಲರಿನ ಬಗ್ಗೆ ಯಾರೂ ಹೇಳಲಿಲ್ಲ. ಅದರ ಕೆಳಗಿನ ಪಂಜರವನ್ನು (ಎರಡು ಪುಟ್ಟ ಚಕ್ರಗಳಿರುವ ಭಾಗ) ಬೆರಳಿನಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ ನೋಡಿ. ಹತ್ತು ವರ್ಷ ದುಡಿದ ಡಿರೇಲರಿನ ಕೀಲುಗಳು ಸಡಿಲವಾಗಿದ್ದರೆ ಎಷ್ಟು ಅಡ್ಜಸ್ಟ್ ಮಾಡಿದರೂ ಗೇರು ನಿಖರವಾಗಿ ಕೂರುವುದಿಲ್ಲ. ಬದಲಿಸಬೇಕಾದರೆ ಎಂಟು ಗೇರಿನದೇ ಬೇಕೆಂದು ಹುಡುಕಬೇಕಾಗಿಲ್ಲ. ಒಂಬತ್ತು ಗೇರಿನ ಆಲ್ಟಸ್ ಅಥವಾ ಅಲಿವಿಯೋ ಡಿರೇಲರ್ ನಿಮ್ಮ ಎಂಟು ಗೇರಿನ ಶಿಫ್ಟರಿನ ಜೊತೆ ಸರಿಯಾಗಿ ಕೆಲಸ ಮಾಡುತ್ತದೆ, ಏಕೆಂದರೆ ಶಿಮಾನೋ ಮೌಂಟನ್ ಬೈಕ್ ಭಾಗಗಳಲ್ಲಿ ಏಳರಿಂದ ಒಂಬತ್ತು ಗೇರಿನವರೆಗೆ ಕೇಬಲ್ಲಿಗೂ ಡಿರೇಲರಿನ ಚಲನೆಗೂ ಇರುವ ಪ್ರಮಾಣ ಒಂದೇ. ಹತ್ತು ಗೇರಿನದರಲ್ಲಿ ಆ ಪ್ರಮಾಣ ಬದಲಾಯಿತು. ನೋಡಲು ಒಂದೇ ರೀತಿ ಕಂಡರೂ ಅದನ್ನು ತರಬೇಡಿ.

ಅದಕ್ಕೂ ಮೊದಲು ಒಳಗಿನ ತಂತಿಯನ್ನೂ ಹೊರಗಿನ ಕವಚವನ್ನೂ ಹೊಸದು ಮಾಡಿಸಿ, ಹ್ಯಾಂಗರ್ (ಫ್ರೇಮಿನಲ್ಲಿ ಡಿರೇಲರನ್ನು ಹಿಡಿದಿರುವ ತುಂಡು) ಬಾಗಿದೆಯೇ ಎಂದು ಗೇಜ್ ಇರುವವರಲ್ಲಿ ನೋಡಿಸಿ. ಹಿಂದಿನಿಂದ ನೋಡಿದಾಗ ಡಿರೇಲರಿನ ಎರಡು ಪುಟ್ಟ ಚಕ್ರಗಳು ಹಲ್ಲುಚಕ್ರಕ್ಕೆ ನೇರವಾಗಿರದೆ ಒಳಕ್ಕೆ ವಾಲಿದ್ದರೆ ಹ್ಯಾಂಗರಿನದೇ ದೋಷವಿರುವ ಸಂಭವ ಹೆಚ್ಚು. ಬೈಕು ಬಲಕ್ಕೆ ಒಮ್ಮೆ ಬಿದ್ದಿದ್ದರೂ ಸಾಕು.

ಕುವೆಂಪುನಗರದ ಸವಾರ

ಮೂವರಿಗೂ ಧನ್ಯವಾದಗಳು. ಚಕ್ರ ಕಳಚಿ ನೋಡಿದೆ. ಕಚ್ಚುಗಳು ಹಲ್ಲುಚಕ್ರದ ಜೊತೆಯಲ್ಲೇ ತಿರುಗಿದವು, ಲಾಕ್‌ರಿಂಗಿನ ಮೇಲೆ ಬಾಣದ ಗುರುತೂ ಇದೆ. ಆದ್ದರಿಂದ ಕ್ಯಾಸೆಟ್ ಎಂಬುದು ಖಚಿತ. ನಡುವಿನ ಹಲ್ಲುಗಳ ಒಂದು ಮಗ್ಗುಲು ತೇದು ಕೊಕ್ಕಿನಂತಾಗಿದೆ. ಡಿರೇಲರಿನಲ್ಲಿ ಅಲ್ಲಾಟ ಅಷ್ಟಾಗಿ ಇಲ್ಲ. ಮಂಡ್ಯದವರ ಸಲಹೆ ಮನಸ್ಸಿಗೆ ಹಿಡಿಸಿತ್ತು, ಆದರೆ ನನ್ನ ಕ್ರ್ಯಾಂಕಿನಲ್ಲಿ ಮೂರೂ ಚೈನ್‌ರಿಂಗನ್ನು ರಿವೆಟ್ ಹೊಡೆದು ಸೇರಿಸಿದ್ದಾರೆ, ಬೋಲ್ಟ್‌ಗಳೇ ಇಲ್ಲ. ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ಕ್ರ್ಯಾಂಕನ್ನೇ ಬದಲಿಸಬೇಕಾಗುತ್ತದೆ. ಹಾಗಾಗಿ 11–34ರ ಕ್ಯಾಸೆಟ್ಟನ್ನೇ ತರುತ್ತೇನೆ. ಹಾಕಿಸಿರುವ ಹೊಸ ಚೈನನ್ನು ಉಳಿಸಿಕೊಳ್ಳಬಹುದೇ?

ಹಬ್ಬು ಬೇರಿಂಗು

ಸ್ಕೇಲ್ ಇಟ್ಟು ನೋಡಿ. 12 ಇಂಚಿನ ಗೆರೆಯ ಮೇಲೆಯೇ ಇದ್ದರೆ ಧಾರಾಳವಾಗಿ ಉಳಿಸಿಕೊಳ್ಳಬಹುದು. 34ಕ್ಕೆ ಹೋದರೂ ಈಗಿನ ಡಿರೇಲರಿನ ಮಿತಿಯೊಳಗೇ ಇರುತ್ತೀರಿ. ಮುಂದಿನ ದೊಡ್ಡದು ಚಿಕ್ಕದರ ವ್ಯತ್ಯಾಸ 20, ಹಿಂದಿನದು 23, ಒಟ್ಟು 43. ಎಂಟು ಗೇರಿನ ಉದ್ದ ಪಂಜರದ ಆಲ್ಟಸ್ ಅಷ್ಟನ್ನು ತಾಳುತ್ತದೆ.

ಆದರೆ ಚೈನಿನ ಉದ್ದವನ್ನು 32 ಹಲ್ಲಿನ ಲೆಕ್ಕಕ್ಕೆ ಕತ್ತರಿಸಿರುತ್ತಾರೆ. ಹೊಸ ಕ್ಯಾಸೆಟ್ ಕೂರಿಸಿದ ಮೇಲೆ ಬೈಕನ್ನು ಎತ್ತಿ ನಿಲ್ಲಿಸಿ, ಕೈಯಿಂದ ಪೆಡಲ್ ತಿರುಗಿಸುತ್ತಾ ಮುಂದೆ 42, ಹಿಂದೆ 34ಕ್ಕೆ ನಿಧಾನವಾಗಿ ಏರಿಸಿ. ಪಂಜರ ಪೂರ್ತಿ ಮುಂದಕ್ಕೆ ಎಳೆದುಕೊಂಡು ಚೈನ್ ತಂತಿಯಂತೆ ಬಿಗಿದರೆ ಅಲ್ಲಿಗೇ ನಿಲ್ಲಿಸಿ, ಒಂದು ಜೊತೆ ಕೊಂಡಿ ಸೇರಿಸಿಕೊಳ್ಳಿ. ಕತ್ತರಿಸಿದ ತುಂಡನ್ನು ಇಟ್ಟುಕೊಂಡಿದ್ದರೆ ಅದರದ್ದೇ ಆಗುತ್ತದೆ. ಆ ಜೋಡಿ ಗೇರನ್ನು ಯಾರೂ ಬೇಕೆಂದು ಬಳಸುವುದಿಲ್ಲ, ಆದರೆ ದಾರಿಯಲ್ಲಿ ಕೈತಪ್ಪಿ ಬಿದ್ದರೆ ಹ್ಯಾಂಗರ್ ಮುರಿಯುತ್ತದೆ. 32 ಹಲ್ಲಿನ ಮಧ್ಯದ ಚೈನ್‌ರಿಂಗನ್ನೂ ಆಗಲೇ ಗಮನಿಸಿ: ಒತ್ತಿ ತುಳಿದಾಗ ಅದರ ಮೇಲೂ ಚೈನ್ ಹಾರಿದರೆ, ರಿವೆಟ್ ಇರುವುದರಿಂದ ಇಡೀ ಕ್ರ್ಯಾಂಕ್ ಬದಲಿಸಬೇಕು, ಆಗ ಬೋಲ್ಟ್ ಇರುವುದನ್ನೇ ಕೇಳಿ ತನ್ನಿ.