ಯುಜಿಡಿ (ಒಳಚರಂಡಿ) ಕಡೆ ಇಂಟರ್ನ್‌ಶಿಪ್ ಮಾಡಿದವರು ಯಾರಾದ್ರೂ ಇದೀರಾ?

ಹಾಸನದಲ್ಲಿ ಸಿವಿಲ್ ಕೊನೇ ವರ್ಷ ಓದ್ತಿದೀನಿ. ಇಂಟರ್ನ್‌ಶಿಪ್‌ಗೆ ಕೊಳಚೆ ನೀರು ಶುದ್ಧೀಕರಣ ಘಟಕ ಸಿಕ್ಕಿದೆ. ಸ್ಟೈಪೆಂಡ್ ಇಲ್ಲ. ಜೊತೆಯವರೆಲ್ಲ ಬೆಂಗಳೂರಿಗೆ ಬ್ಯಾಗ್ ಕಟ್ತಿದಾರೆ. ನಮ್ಮಮ್ಮ "ಇಷ್ಟು ಓದ್ಸಿದ್ದು ಚರಂಡಿ ನೋಡೋಕಾ?" ಅಂತ ಎರಡು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ. ಅಲ್ಲಿ ಕಲಿಯೋಕೆ ಏನಾದ್ರೂ ಸಿಗುತ್ತಾ, ಇಲ್ಲ ಸುಮ್ನೆ ಸೀಲು ಹಾಕಿಸ್ಕೊಂಡು ಬರೋದಾ? ಹುಡುಗೀರಿಗೆ ತೊಂದರೆ ಇದ್ಯಾ?

ಆರು ವರ್ಷದ ಹಿಂದೆ ಇಂಥದೇ ಘಟಕದಲ್ಲಿದ್ದವನು:

ಮೊದಲ ವಾರ ನನ್ನನ್ನ ಯಾರೂ ಮಾತಾಡಿಸಲಿಲ್ಲ. ಆಫೀಸಿನಲ್ಲಿ ಕೂರಿಸಿ ಹಳೇ ಪತ್ರಗಳನ್ನ ಎಕ್ಸೆಲ್‌ಗೆ ಹಾಕಿಸಿದರು. ನಿಮಗೂ ಹಾಗೇ ಮಾಡ್ತಾರೆ. ಎರಡು ದಿನ ಮಾಡಿಕೊಡಿ, ಮೂರನೇ ದಿನ ಎದ್ದು ಟ್ಯಾಂಕ್ ಹತ್ರ ಹೋಗಿಬಿಡಿ.

ನನಗೆ ಕಲಿಸಿದ್ದು ಇಂಜಿನಿಯರ್ ಅಲ್ಲ, ಶಿಫ್ಟ್ ಆಪರೇಟರ್. ದುದ್ದ ಕಡೆಯವರು, ಐಟಿಐ ಓದಿದ್ದರು. ಬೆಳಿಗ್ಗೆ ಬಂದವರೇ ಏರೇಷನ್ ಟ್ಯಾಂಕಿನ (ಬ್ಲೋವರಿಂದ ಗಾಳಿ ಊದೋ ಟ್ಯಾಂಕ್) ನೊರೆ ಬಣ್ಣ ನೋಡೋರು, ಆಮೇಲೆ ಒಂದು ಲೀಟರಿನ ಅಳತೆ ಜಾಡಿಯಲ್ಲಿ ನೀರು ತುಂಬಿ ಕಟ್ಟೆ ಮೇಲಿಟ್ಟು ಬೀಡಿ ಹಚ್ಚೋರು. 30 ನಿಮಿಷ. ಕೆಸರು ಮೆಲ್ಲಗೆ ಮೊಸರಿನ ಹಾಗೆ ಕೂತ್ಕೊಂಡು ಮೇಲೆ ತಿಳಿ ನಿಲ್ಲುತ್ತೆ. ಕೆಸರು 300 ಮಿಲಿಗೆ ನಿಂತು, ಟ್ಯಾಂಕಿನ ಎಂಎಲ್‌ಎಸ್‌ಎಸ್ (ಲೀಟರಿಗೆ ಎಷ್ಟು ಮಿಲಿಗ್ರಾಂ ಕೆಸರಿದೆ ಅನ್ನೋದು) 3,000 ಇದ್ದರೆ ಎಸ್‌ವಿಐ (ಒಂದು ಗ್ರಾಂ ಕೆಸರು ಕೂತಾಗ ಎಷ್ಟು ಮಿಲಿ ಜಾಗ ಹಿಡಿಯುತ್ತೆ ಅನ್ನೋದು) 100, ಚಿಂತೆಯಿಲ್ಲ. 150 ದಾಟಿತು ಅಂದ್ರೆ ಕೆಸರು ಕೂರೋಕೆ ಹಟ ಮಾಡ್ತಿದೆ ಅಂತ ಲೆಕ್ಕ.

ಒಂದು ವಾರ ನೋಡ್ತಾ ನೋಡ್ತಾ ಜಾಡಿಯ ಕೆಸರು 700 ಮಿಲಿಗೆ ಬಂತು. ನಾನು ಪುಸ್ತಕ ತಿರುವಿ ಹಾಕ್ತಿದ್ದೆ. ಅವರು ಜಾಡಿ ಎತ್ತಿ ಬೆಳಕಿಗೆ ಹಿಡಿದು, "ಗಾಳಿ ಸಾಕಾಗಿಲ್ಲ ಸಾ. ರಾತ್ರಿ ಕರೆಂಟ್ ಹೋದಾಗಲೆಲ್ಲ ಬ್ಲೋವರ್ ನಿಂತಿದೆ, ಜನರೇಟರ್‌ಗೆ ಡೀಸೆಲ್ ಇಲ್ಲ" ಅಂದರು. ರಿಜಿಸ್ಟರ್ ತೆಗೆದು ನೋಡಿದರೆ ಬ್ಲೋವರ್ ವಾರವೆಲ್ಲ 24 ಗಂಟೆ ಓಡಿದೆ ಅಂತ ಬರೆದಿತ್ತು! ಅವತ್ತೇ ನಾನು ನೋಡಿದ್ದನ್ನ ಬರೆಯೋಕೆ ಬೇರೆ ನೋಟ್‌ಬುಕ್ ತಗೊಂಡೆ. ವೈವಾದಲ್ಲಿ ಕೇಳಿದ್ದೆಲ್ಲ ಆ ನೋಟ್‌ಬುಕ್ಕಿಂದ್ಲೇ.

ಇನ್ನೊಂದು. ಕ್ಲಾಸಲ್ಲಿ ಬಿಒಡಿ (ಕೊಳಕನ್ನ ತಿನ್ನೋಕೆ ಸೂಕ್ಷ್ಮಜೀವಿಗಳಿಗೆ ಬೇಕಾದ ಆಮ್ಲಜನಕ) ಟೆಸ್ಟ್ ಅಂದ್ರೆ 20 ಡಿಗ್ರಿಯಲ್ಲಿ 5 ದಿನ ಅಂತ ಓದಿರ್ತೀರಿ. ನಮ್ಮ ಲ್ಯಾಬುಗಳಲ್ಲಿ 27 ಡಿಗ್ರಿಯಲ್ಲಿ 3 ದಿನ. ಗುರುವಾರ ಬಾಟಲ್ ಇಟ್ಟರೆ ಭಾನುವಾರ ತೆಗೀಬೇಕು. ಭಾನುವಾರ ಯಾರು ಬರ್ತಾರೆ? ಇಂಟರ್ನ್ ಬರ್ತಾನೆ.

ಲ್ಯಾಬ್ ಕೆಲಸದಲ್ಲಿರುವ ಅಕ್ಕ:

ತೊಂದರೆ ಅಂದ್ರೆ ಟಾಯ್ಲೆಟ್ದು ಕಣಮ್ಮ. ಊರಿನ ಟಾಯ್ಲೆಟ್ ನೀರೆಲ್ಲ ಅಲ್ಲಿಗೆ ಬರುತ್ತೆ, ಅಲ್ಲೇ ಹೆಂಗಸರಿಗೆ ಒಂದು ನೆಟ್ಟಗಿರಲ್ಲ. ಮೊದಲ ದಿನವೇ ಕೇಳು, ನಾಚ್ಕೋಬೇಡ. ಹೋಗೋಕೆ ಮುಂಚೆ ಟಿಟಿ ಇಂಜೆಕ್ಷನ್ ಹಾಕಿಸ್ಕೋ. ಉಗುರು ಕತ್ತರಿಸು. ಕೈಕಾಲಲ್ಲಿ ಗಾಯ ಇದ್ದರೆ ಕೊಳಚೆ ತಾಗಿಸ್ಬೇಡ, ಇಲಿಜ್ವರ ಬರೋದು ಹಾಗೇ. ಊಟದ ಡಬ್ಬಿ ಲ್ಯಾಬಲ್ಲಿ ತೆಗೀಬೇಡ.

ಮ್ಯಾನ್‌ಹೋಲ್ ಒಳಗೆ ಇಳಿಯೋ ಮಾತು ಯಾರೇ ಆಡ್ಲಿ, ತಮಾಷೆಗೂ ಇಳೀಬೇಡ. ರಕ್ಷಣಾ ಸಾಧನ ಇಲ್ಲದೆ ಜನರನ್ನ ಇಳಿಸೋದು 2013ರ ಕಾನೂನಿನಲ್ಲಿ ಅಪರಾಧ. ಕೊಳೆತ ಮೊಟ್ಟೆ ವಾಸನೆ ಬಂದು ಆಮೇಲೆ ನಿಂತುಹೋಯ್ತು ಅಂದ್ರೆ ಗ್ಯಾಸ್ ಹೋಯ್ತು ಅಂತಲ್ಲ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದ್ರೆ ಮೂಗೇ ಸತ್ತುಹೋಗುತ್ತೆ.

ನಿವೃತ್ತ ಇಂಜಿನಿಯರ್:

ನೋಡಮ್ಮ, ಘಟಕದೊಳಗೇ ಕೂರಬೇಡ, ಲೈನ್ ಹಿಡಿದು ನಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ 80 ಪಾಲು ಯುಜಿಡಿಗೆ ಅಂತ ನಾವು ಡಿಸೈನ್ ಮಾಡ್ತೀವಿ. ಜೂನ್ ಜುಲೈನಲ್ಲಿ ಮಳೆ ಹಿಡೀಲಿ, ವೆಟ್‌ವೆಲ್ (ಪಂಪ್ ಮಾಡೋಕೆ ಮುಂಚೆ ಕೊಳಚೆ ಬಂದು ಸೇರೋ ಬಾವಿ) ಹತ್ರ ನಿಂತು ನೋಡು, ಆ ಲೆಕ್ಕ ಎಲ್ಲಿರುತ್ತೆ! ಜನ ತಾರಸಿ ಪೈಪನ್ನ ಸೀದಾ ಚೇಂಬರ್‌ಗೆ ಬಿಟ್ಟಿರ್ತಾರೆ. ಪ್ರಾಜೆಕ್ಟ್‌ಗೆ ಇದನ್ನೇ ತಗೋ: ಮಳೆಯಿಲ್ಲದ ವಾರ ಪಂಪ್ ಎಷ್ಟು ಗಂಟೆ ಓಡಿತು, ಮಳೆ ವಾರ ಎಷ್ಟು. ರಿಜಿಸ್ಟರ್ ಕಥೆ ಮೇಲೆ ಒಬ್ಬರು ಹೇಳಿದಾರಲ್ಲ, ಅದಕ್ಕೇ ಕೆಇಬಿ ಮೀಟರ್ ರೀಡಿಂಗ್ ನೀನೇ ದಿನಾ ಬರ್ಕೋ.

ಚಿಕ್ಕಮಗಳೂರು, ತೋಟದವರು:

ಕಾಫಿ ಕುಯಿಲಿನ ಟೈಮಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ನೀರೂ ಒಮ್ಮೆ ಬಂದು ನೋಡಿ. ಹುಳಿ ವಾಸನೆ, ಬಿಒಡಿ ಸಾವಿರಗಳಲ್ಲಿ. ಮನೆ ಕೊಳಚೆದು ಅದರ ಮುಂದೆ ಏನೂ ಅಲ್ಲ. ಹೊಂಡದಲ್ಲಿ ಸುಣ್ಣ ಹಾಕಿಯೇ ಮುಂದಿನ ಮಾತು.

ಪ್ರಶ್ನೆ ಕೇಳಿದವಳು:

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಮೊಸರಿನ ಮಾತು ಬಂದಾಗ "ಥೂ" ಅಂದ್ರು, ಆದ್ರೆ ಪೂರ್ತಿ ಕೇಳಿಸ್ಕೊಂಡ್ರು. ಸೋಮವಾರ ಸೇರ್ತೀನಿ. ಗಮ್‌ಬೂಟ್ ಕಟ್ಟಿನಕೆರೆ ಮಾರ್ಕೆಟ್ ಕಡೆ ಸಿಗುತ್ತಾ? ನನ್ನದು 5ನೇ ನಂಬರ್.

ಲ್ಯಾಬ್ ಅಕ್ಕ:

ಹಾರ್ಡ್‌ವೇರ್ ಅಂಗಡೀಲಿ ಕೇಳು. 6 ತಗೋ, ಒಳಗೆ ದಪ್ಪ ಸಾಕ್ಸ್ ಬೇಕಾಗುತ್ತೆ.