ಧನು ರಾಶಿಯವರಿಗೆ ತೊಂದರೆ ಇದೆಯಾ?

ಭಾನುವಾರ ಬೆಳಿಗ್ಗೆ ಕಾಫಿ ಇಳಿಯುವ ಮೊದಲೇ ದೊಡ್ಡಪ್ಪ ನಮ್ಮ ಮನೆತನದ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಕಪ್ಪು ಆಕಾಶದ ಚಿತ್ರ, ಮೇಲೆ ಕೆಂಪು ಅಕ್ಷರ: "ನಮ್ಮ ಆಕಾಶಗಂಗೆ ಧನು ರಾಶಿಯ ಗೆಲಾಕ್ಸಿಯನ್ನು ನುಂಗುತ್ತಿದೆ!!! ಮುಂದಿನ ಸರದಿ ನಮ್ಮ ಸೂರ್ಯನದು. ಹತ್ತು ಜನಕ್ಕೆ ಕಳಿಸಿ." ಕೆಳಗೆ ದೊಡ್ಡಪ್ಪನ ಸ್ವಂತ ಸಾಲು: "ಮನುಷ್ಯನ ಅಹಂಕಾರಕ್ಕೆ ಇದೇ ಉತ್ತರ."

ಗುಂಪಿನಲ್ಲಿ 34 ಜನ ಇದ್ದೇವೆ. ಇಷ್ಟನ್ನೂ ಓದಿದವರು ಇಬ್ಬರೋ ಮೂವರೋ.

ಸಣ್ಣತ್ತೆ: ಧನು ರಾಶಿಯವರಿಗೆ ತೊಂದರೆ ಇದೆಯಾ? ನಮ್ಮವನದು ಪೂರ್ವಾಷಾಢ. ಗುರುವಾರ ವೀಸಾ ಇಂಟರ್‌ವ್ಯೂ ಬೇರೆ ಇದೆ.

ಬ್ಯಾಂಕ್ ಮಾವ: ಮೂಲ ಎಲ್ಲಿ?

ಮಾವ ನಿವೃತ್ತರಾಗಿ ಒಂಬತ್ತು ವರ್ಷವಾಯಿತು. ವೋಚರ್ ಕೇಳುವ ಚಟ ಹೋಗಿಲ್ಲ. ಹೋದ ವರ್ಷ ಅಜ್ಜಿಯ ತಿಥಿಯ ದಿನ ತಿಳಿಸಿದಾಗಲೂ ಇದನ್ನೇ ಕೇಳಿದ್ದರು.

ದೊಡ್ಡಪ್ಪ: ನಾಸಾದವರೇ ಹೇಳಿದ್ದಾರೆ.

ಬ್ಯಾಂಕ್ ಮಾವ: ಬೆಳ್ಳುಳ್ಳಿ ಫಾರ್ವರ್ಡ್‌ನಲ್ಲೂ ನಾಸಾದವರೇ ಇದ್ದರು, ಭಾವ.

ಆಗ ಪುಟ್ಟಿ ಬಂದಳು. ಚಿಕ್ಕಪ್ಪನ ಮಗಳು, ಫಿಸಿಕ್ಸ್ ಎಂ.ಎಸ್‌ಸಿ. ಓದುತ್ತಿದ್ದಾಳೆ. ಪಾಪ, ಈ ಗುಂಪಿಗೆ ಉತ್ತರ ಕೊಡಬಾರದು ಅಂತ ಇನ್ನೂ ಗೊತ್ತಾಗಿಲ್ಲ.

ಪುಟ್ಟಿ: ದೊಡ್ಡಪ್ಪ, ಅದರಲ್ಲಿ ಅರ್ಧ ನಿಜ. 1994ರಲ್ಲಿ ಇಬಾಟಾ, ಗಿಲ್ಮೋರ್, ಅರ್ವಿನ್ ಅಂತ ಮೂವರು ಧನು ರಾಶಿಯ ದಿಕ್ಕಿನಲ್ಲಿ ಒಂದು ಪುಟಾಣಿ ಗೆಲಾಕ್ಸಿ ಕಂಡುಹಿಡಿದರು. ನಮ್ಮ ಗೆಲಾಕ್ಸಿಯ ನಡುಭಾಗದ ಆಚೆ ಬದಿಗಿದೆ, ಅದಕ್ಕೇ ಅಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಮ್ಮದು ಅದನ್ನು ಎಳೆದೂ ಎಳೆದೂ ಶಾವಿಗೆ ಮಾಡಿಬಿಟ್ಟಿದೆ. ಆ ನಕ್ಷತ್ರಗಳ ಎಳೆ ಇಡೀ ಆಕಾಶಗಂಗೆಯನ್ನು ಸುತ್ತಿಕೊಂಡಿದೆ. ಇದರಿಂದ ಸೂರ್ಯನಿಗೆ ಏನೂ ಆಗಲ್ಲ. ನಾವಿರುವುದು ನುಂಗುವವರ ಮನೆಯಲ್ಲಿ.

ಕೊನೆಯ ಸಾಲು ಬೇಡವಾಗಿತ್ತು.

ಚಿಕ್ಕಪ್ಪ: ನುಂಗುವವರ ಮನೆ ಯಾವುದು ಅಂತ ಈ ಗುಂಪಿಗೆ ಹೇಳಿಕೊಡಬೇಕಾಗಿಲ್ಲ ಮಗಳೇ. ಹಿತ್ತಲಿನ ಹಲಸಿನ ಮರ ಈಗ ಯಾರ ಕಾಂಪೌಂಡಿನ ಒಳಗಿದೆ?

"ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ" ಅಂತ ಹನ್ನೊಂದು ನಿಮಿಷ ತೋರಿಸಿತು. ನಾನು ಅಷ್ಟರಲ್ಲಿ ಎರಡು ದೋಸೆ ಹುಯ್ದೆ.

ದೊಡ್ಡಪ್ಪ: ಸರ್ವೆಯವರು ಅಳೆದ ಮೇಲೆ ಬೇಲಿ ಹಾಕಿದ್ದು. ನಕ್ಷೆ ನನ್ನ ಹತ್ತಿರ ಇದೆ.

ಬ್ಯಾಂಕ್ ಮಾವ: ಫೋಟೋ ಹಾಕಿ, ನೋಡೋಣ.

ಹ್ಯೂಸ್ಟನ್ ಅಣ್ಣ: ಅಯ್ಯೋ ಆ ಹಲಸಿನ ಮರ! ಬೇಸಿಗೆ ರಜೆಯಲ್ಲಿ ತಾರಸಿ ಮೇಲೆ ಸಾಲಾಗಿ ಮಲಗುತ್ತಿದ್ದೆವಲ್ಲ. ಕರೆಂಟ್ ಹೋದರೆ ಆಕಾಶಗಂಗೆ ಅಜ್ಜನ ಪಂಚೆ ಹರವಿದ ಹಾಗೆ ಕಾಣುತ್ತಿತ್ತು.

ಅಲ್ಲಿಂದ ಮಾತು ಹಪ್ಪಳಕ್ಕೆ ಹೋಯಿತು. ತಾರಸಿಯಲ್ಲಿ ಒಣಗಿಸಿದ್ದ ಹಲಸಿನ ಹಪ್ಪಳ ರಾತ್ರೋರಾತ್ರಿ ಮಾಯವಾದ ಕೇಸು ಇನ್ನೂ ಬಗೆಹರಿದಿಲ್ಲ. ಅದರಲ್ಲಿ ನನ್ನ ಹೆಸರೂ ಇದೆ, ಹಾಗಾಗಿ ಸುಮ್ನೆ ಇದ್ದೆ.

ಪುಟ್ಟಿ: ಅಣ್ಣಾ, ಮೇ ತಿಂಗಳ ರಾತ್ರಿ ಅದೇ ತಾರಸಿಯಿಂದ ದಕ್ಷಿಣಕ್ಕೆ ನೋಡಿದರೆ ಒಮೆಗಾ ಸೆಂಟಾರಿ ಕಾಣುತ್ತೆ. ಮಬ್ಬು ಚುಕ್ಕೆ, ಆದರೆ ಅದರಲ್ಲಿ ಲಕ್ಷಗಟ್ಟಲೆ ನಕ್ಷತ್ರ. ಅದೂ ಹಿಂದೆ ನುಂಗಿದ ಗೆಲಾಕ್ಸಿಯದ್ದೇ ಇರಬೇಕು ಅಂತ ತುಂಬಾ ಜನ ವಿಜ್ಞಾನಿಗಳು ಹೇಳುತ್ತಾರೆ. ತೊಳೆ ತಿಂದ ಮೇಲೆ ಬೀಜ ಉಳಿಯುತ್ತಲ್ಲ, ಹಾಗೆ.

ಚಿಕ್ಕಪ್ಪ: ದಕ್ಷಿಣಕ್ಕೆ ಈಗ ಅವರು ಬಾಡಿಗೆಗೆ ಕೊಟ್ಟ ಮೊಬೈಲ್ ಟವರ್ ಕಾಣುತ್ತೆ.

ಪುಟ್ಟಿ ಬಿಡಲಿಲ್ಲ. ನಮ್ಮ ಗೆಲಾಕ್ಸಿಯ ಹ್ಯಾಲೋ ಅಂತ ಶುರು ಮಾಡಿದಳು. ಸಣ್ಣತ್ತೆ "ಹಲೋ ಪುಟ್ಟಿ, ತಿಂಡಿ ಆಯ್ತಾ?" ಅಂದರು. ದೊಡ್ಡಪ್ಪ "ಕನ್ನಡದಲ್ಲಿ ಪ್ರಭಾವಳಿ ಅನ್ನು" ಅಂದರು.

ಪುಟ್ಟಿ: ಸರಿ, ಪ್ರಭಾವಳಿ. ಆದರೆ ದೇವರ ಹಿಂದೆ ಇಡುವ ಹಾಗೆ ಚಪ್ಪಟೆ ಅಲ್ಲ, ಸುತ್ತಲೂ ಉಂಡೆಯ ಥರ. ನಾವಿರುವ ತಟ್ಟೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ ಅಗಲ. ಪ್ರಭಾವಳಿ ಅದರಾಚೆಗೂ ಲಕ್ಷಗಟ್ಟಲೆ ಜ್ಯೋತಿರ್ವರ್ಷ ಹರಡಿದೆ. ನಕ್ಷತ್ರ ಮಾತ್ರ ವಿರಳ, ಒಟ್ಟು ನೂರರಲ್ಲಿ ಒಂದು ಪಾಲು. 1962ರಲ್ಲಿ ವಿಜ್ಞಾನಿಗಳು, ಒಂದೇ ದೊಡ್ಡ ಅನಿಲದ ಮೋಡ ಕುಸಿದು ಎಲ್ಲ ಹುಟ್ಟಿತು ಅಂದರು. 1978ರಲ್ಲಿ ಸರ್ಲ್ ಮತ್ತು ಜಿನ್ ಅನ್ನುವವರು, ಇಲ್ಲ, ಹೊರಭಾಗ ಚೂರು ಚೂರಾಗಿ ಬಂದು ಸೇರಿದ್ದು ಅಂದರು. 2018ರಲ್ಲಿ, ನಕ್ಷತ್ರಗಳ ಓಟ ಅಳೆದ ಗಾಯಾ ಉಪಗ್ರಹದ ಲೆಕ್ಕ ಬಂತು ನೋಡಿ, ಸುಮಾರು 1000 ಕೋಟಿ ವರ್ಷದ ಹಿಂದೆ ಒಂದು ಇಡೀ ಗೆಲಾಕ್ಸಿಯೇ ಬಂದು ಬಿದ್ದದ್ದು ಗೊತ್ತಾಯಿತು. ಒಳಗಿನ ಪ್ರಭಾವಳಿಯಲ್ಲಿ ಅದರ ನಕ್ಷತ್ರಗಳೇ ಜಾಸ್ತಿ. ಅದರ ಹೆಸರು ಗಾಯಾ ಸಾಸೇಜ್. ತುಂಬ ಹೊರಗೆ ಹೋದರೆ ಧನು ರಾಶಿಯ ಆ ಪುಟಾಣಿ ಗೆಲಾಕ್ಸಿಯವು.

ದೊಡ್ಡಪ್ಪ: ಇವತ್ತು ಏಕಾದಶಿ. ಮನೆಯ ಗುಂಪಿನಲ್ಲಿ ಸಾಸೇಜ್ ಬೇಡ.

ಬ್ಯಾಂಕ್ ಮಾವ: ಹೊರಗಿಂದ ಬಂದವು ಅಂತ ಹೇಗೆ ಹೇಳುತ್ತಾರೆ? ಬರ್ತ್ ಸರ್ಟಿಫಿಕೇಟ್ ಇದೆಯಾ?

ಅವತ್ತಿಡೀ ಬಂದ ಒಂದೇ ಒಳ್ಳೆಯ ಪ್ರಶ್ನೆ ಅದು.

ಪುಟ್ಟಿ: ನಡಿಗೆ ನೋಡಿ ಮಾವ. ಇಲ್ಲೇ ಹುಟ್ಟಿದವು ತಟ್ಟೆಯಲ್ಲಿ ಗುಂಡಗೆ ಸುತ್ತುತ್ತವೆ. ಸಾಸೇಜಿನವು ನಡುಭಾಗದ ಹತ್ತಿರಕ್ಕೆ ನುಗ್ಗಿ ಮತ್ತೆ ದೂರ ಓಡುತ್ತವೆ. ಮೈಯಲ್ಲಿ ಕಬ್ಬಿಣದಂಥ ಧಾತುಗಳೂ ಕಡಿಮೆ. ಅಮ್ಮ ಉಡುಪಿಯಿಂದ ಈ ಮನೆಗೆ ಬಂದು 30 ವರ್ಷ ಆಯ್ತು. ಸಾರಿಗೆ ಬೆಲ್ಲ ಹಾಕುವುದು ಬಿಟ್ಟಿದ್ದಾಳಾ? ಒಂದು ತುತ್ತಿಗೇ ಗೊತ್ತಾಗುತ್ತೆ ಅಲ್ವಾ?

ಹ್ಯೂಸ್ಟನ್ ಅಣ್ಣ ನಗುವ ಮುಖ ಆರು ಹಾಕಿದ. ದೊಡ್ಡಮ್ಮ "ನಮ್ಮ ಕಡೆ ಅದನ್ನು ಪಾಯಸ ಅಂತಾರೆ" ಎಂದರು.

ಆಮೇಲೆ ಚಿಕ್ಕಮ್ಮ ಬರೆದರು. ಹುಟ್ಟುಹಬ್ಬಕ್ಕೆ ಕೇಕ್ ಚಿತ್ರ ಬಿಟ್ಟರೆ ಈ ಗುಂಪಿಗೆ ಅವರು ಏನನ್ನೂ ಹಾಕಿದವರಲ್ಲ.

ಚಿಕ್ಕಮ್ಮ: 30 ವರ್ಷ ಎರಡೆರಡು ಸಲ ಬಡಿಸಿಕೊಂಡಿದ್ದೀರಲ್ಲ ಅಕ್ಕ.

ದೊಡ್ಡಮ್ಮ: ನಾನೆಲ್ಲಿ ಬೇಡ ಅಂದೆ? ಪುಡಿಯ ಅಳತೆ ಕೇಳಿದ್ದೆ. ಇವತ್ತಿಗೂ ಕೊಟ್ಟಿಲ್ಲ.

10 ಗಂಟೆ 40 ನಿಮಿಷಕ್ಕೆ ದೊಡ್ಡಪ್ಪ ಗುಂಪು ಬಿಟ್ಟರು. ಊಟದ ಹೊತ್ತಿಗೆ ಸಣ್ಣತ್ತೆ ವಾಪಸ್ ಸೇರಿಸಿದರು. ಈ ವರ್ಷ ಇದು ಮೂರನೇ ಸಲ. ನಕ್ಷೆಯ ಫೋಟೋ ಬರಲಿಲ್ಲ, ಪುಡಿಯ ಅಳತೆಯೂ ಬರಲಿಲ್ಲ.

ಬುಧವಾರ ನನ್ನ ಹಳೆಯ ಆಫೀಸಿನ ಗುಂಪಿಗೆ ಅದೇ ಚಿತ್ರ ಬಂತು. "ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ" ಅಂತಿತ್ತು. ಅದೇ ಕೆಂಪು ಅಕ್ಷರ, ಸೂರ್ಯನ ಸರದಿ ಹಾಗೇ ಇತ್ತು. ಹಾಕಿದವರು ಮಾವನ ಜೊತೆ ಬ್ಯಾಂಕಿನಲ್ಲಿದ್ದವರು. ಕೆಳಗೊಂದು ಹೊಸ ಸಾಲು ಸೇರಿತ್ತು: "ಮೂಲ: ನಮ್ಮ ಮನೆಯ ಎಂ.ಎಸ್‌ಸಿ. ಹುಡುಗಿಯೇ ನಿಜ ಅಂದಿದ್ದಾಳೆ."