ಟಾರ್ಚ್ ಬೆಳಕು ಹಾಕಿ ನೋಡಿದರೆ ಸಾಲದು

ಅತ್ತೆ: (ಮನೆಯವರ ಗ್ರೂಪ್‌ಗೆ ಫಾರ್ವರ್ಡ್ ಮಾಡಿದ ಲೇಖನ) "ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ರೋಗ: ಮೊದಲು ನೋಡುವ ಡಾಕ್ಟರಿಗೆ ಗೊತ್ತಿದೆಯೇ?" ಎಲ್ಲರೂ ಓದಿ.

ದೊಡ್ಡಪ್ಪ: ಓದಿದೆ. ಸುಮ್ನೆ ನಮ್ಮಂಥ ಡಾಕ್ಟರುಗಳ ಮೇಲೆ ಗೂಬೆ ಕೂರಿಸುತ್ತಾರೆ. ಆರ್‌ಒಪಿ, ಅಂದರೆ ಈ ಕಣ್ಣಿನ ರೋಗ, ರೆಟಿನಾ (ಅಕ್ಷಿಪಟಲ) ತಜ್ಞರ ಕೆಲಸ. ಜ್ವರ, ಕೆಮ್ಮು, ಲಸಿಕೆ ನೋಡುವವನಿಗೆ ಅದು ಎಲ್ಲಿ ಕಾಣುತ್ತದೆ?

ಸುಧಾ: ಕಾಣುವುದಿಲ್ಲ ದೊಡ್ಡಪ್ಪ. ನನ್ನ ಸಂಕಟ ಅದೇ. ನನ್ನ ಮಗ 32 ವಾರಕ್ಕೇ ಹುಟ್ಟಿದ, 1600 ಗ್ರಾಂ. ಮನೆಗೆ ಬಂದ ಮೇಲೆ ಡಾಕ್ಟರಿಗೆ ತೋರಿಸಿದೆ. ಅವರು ಟಾರ್ಚ್ ಬೆಳಕು ಹಾಕಿ ನೋಡಿ, ಕಣ್ಣು ಚೆನ್ನಾಗಿದೆ ಅಂದರು. ನಾನು ನಂಬಿದೆ. ರೆಟಿನಾ ಇರುವುದು ಕಣ್ಣಿನ ಹಿಂಭಾಗದಲ್ಲಿ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡದೆ ಅದರ ಅಂಚು ಕಾಣುವುದಿಲ್ಲ. ಪಾಪೆ ಬೆಳ್ಳಗೆ ಕಾಣುವ ಹೊತ್ತಿಗೆ ರೆಟಿನಾ ಕಿತ್ತು ಬಂದಿರುತ್ತದೆ.

ಚಿಕ್ಕಪ್ಪ: ಡಿಸ್ಚಾರ್ಜ್ ಕಾಗದದಲ್ಲಿ ಬರೆದಿತ್ತಲ್ಲಮ್ಮ. ನೀನೇ ಓದಬೇಕಿತ್ತು.

ಸುಧಾ: ಓದಿದ್ದೆ ಚಿಕ್ಕಪ್ಪ. ಔಷಧಿ ಪಟ್ಟಿಯ ಕೆಳಗೆ 'ಆರ್‌ಒಪಿ ಸ್ಕ್ರೀನಿಂಗ್' ಅಂತ ಒಂದೇ ಸಾಲು. ಕಣ್ಣು ಅನ್ನುವ ಪದವೇ ಇರಲಿಲ್ಲ. ಅದು ಏನು ಅಂತ ನಮ್ಮ ಮನೆಯವರು ಹುಡುಕಿ ನೋಡಿದ್ದಕ್ಕೆ ಮಗುವಿನ ಕಣ್ಣು ಉಳಿಯಿತು. ರೆಟಿನಾ ತಜ್ಞರ ಹತ್ತಿರ ಹೋದ ಎರಡನೇ ದಿನವೇ ಲೇಸರ್ ಚಿಕಿತ್ಸೆ ಮಾಡಿದರು. ಈಗ ಮೈನಸ್ ಕನ್ನಡಕ ಇದೆ, ಆದರೆ ಓದುತ್ತಾನೆ.

ದೊಡ್ಡಪ್ಪ: ಸಂತೋಷ. ಆದರೆ ಆಕ್ಸಿಜನ್ ಜಾಸ್ತಿಯಾದರೆ ಇದು ಬರುತ್ತದೆ ಅಂತ 1950ರ ದಶಕದಲ್ಲೇ ಗೊತ್ತಾಗಿದೆ. ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ನವರನ್ನು ಕೇಳಬೇಕು, ನನ್ನನ್ನಲ್ಲ.

ಸುಧಾ: ಆಕ್ಸಿಜನ್ ಒಂದು ಕಾರಣ, ನಿಜ. ಆದರೆ ಅದಿಲ್ಲದೆ ಎಷ್ಟೋ ಮಕ್ಕಳು ಬದುಕುವುದೇ ಇಲ್ಲ. ಜೋಪಾನವಾಗಿ ಕೊಟ್ಟರೂ ತೀರಾ ಚಿಕ್ಕ ಮಕ್ಕಳಿಗೆ ಬರಬಹುದು. ರೆಟಿನಾದ ರಕ್ತನಾಳ ಅಂಚಿನವರೆಗೆ ಬೆಳೆಯಲು ಗರ್ಭದ ಹೆಚ್ಚುಕಡಿಮೆ 40 ವಾರ ಬೇಕು. ಮಗು ಮುಂಚೆ ಹುಟ್ಟಿದರೆ ಆ ಬೆಳವಣಿಗೆ ಅರ್ಧಕ್ಕೆ ನಿಲ್ಲಬಹುದು. ಆಮೇಲೆ ಅಡ್ಡಾದಿಡ್ಡಿಯಾಗಿ ಬೆಳೆದು ರೆಟಿನಾವನ್ನೇ ಎಳೆಯಬಹುದು. ನೀವು ಚಿಕಿತ್ಸೆ ಮಾಡಿ ಅಂತ ಯಾರೂ ಕೇಳುತ್ತಿಲ್ಲ. "ಎಷ್ಟು ವಾರಕ್ಕೆ ಹುಟ್ಟಿತು? ರೆಟಿನಾ ತೋರಿಸಿದಿರಾ?" ಇಷ್ಟು ಕೇಳಿದರೆ ಸಾಕು.

ದೊಡ್ಡಪ್ಪ: 32 ವಾರ, 1600 ಗ್ರಾಂ ಅಂದೆಯಲ್ಲ. ತಪಾಸಣೆಯ ಮಿತಿ ಅಂತ ನಾನು ಓದಿದ್ದು 30 ವಾರ, 1500 ಗ್ರಾಂ.

ಸುಧಾ: ಅದು ಅಮೆರಿಕದ ಲೆಕ್ಕ. ಭಾರತದಲ್ಲಿ 34 ವಾರಕ್ಕಿಂತ ಮುಂಚೆ ಹುಟ್ಟಿದ್ದರೆ ಅಥವಾ 2000 ಗ್ರಾಂಗಿಂತ ಕಡಿಮೆ ಇದ್ದರೆ ನೋಡಲೇಬೇಕು. ಹುಟ್ಟಿ 30 ದಿನದೊಳಗೆ. 28 ವಾರಕ್ಕಿಂತ ಮುಂಚೆ ಆಗಿದ್ದರೆ ಎರಡು ಮೂರು ವಾರಕ್ಕೇ. ಒಂದು ಸಲ ನೋಡಿ ಬಿಡುವುದೂ ಅಲ್ಲ, ರಕ್ತನಾಳ ಪೂರ್ತಿ ಬೆಳೆಯುವವರೆಗೆ ಮತ್ತೆ ಮತ್ತೆ ಹೋಗಬೇಕು.

ದೊಡ್ಡಪ್ಪ: 2000 ಗ್ರಾಂ ಅಂತ ನನಗೆ ಗೊತ್ತಿರಲಿಲ್ಲ.

ಅಕ್ಕ: ಸುಧಾ, ನನ್ನ ಗೆಳತಿಯ ಮಗು 33 ವಾರಕ್ಕೆ ಹುಟ್ಟಿದ್ದು, 1700 ಗ್ರಾಂ. ಇವತ್ತಿಗೆ 24 ದಿನ. ಕಣ್ಣಿನ ವಿಷಯ ಯಾರೂ ಹೇಳಿಲ್ಲವಂತೆ.

ದೊಡ್ಡಪ್ಪ: ಅವರ ಡಿಸ್ಚಾರ್ಜ್ ಕಾಗದದ ಫೋಟೊ ತರಿಸಿ ನನಗೆ ಕಳಿಸು. ಈಗಲೇ. ರೆಟಿನಾ ತಜ್ಞರಿಗೆ ನಾನೇ ಫೋನ್ ಮಾಡುತ್ತೇನೆ.